ಹಣೆಯ ಪಾವಲಿ

ಮಿಲಿಟರಿ ಬಿಟ್ಟು ಬಂದ ನನ್ನ ಗಂಡ ಕಲಂದರ್ ಶಿರಾದಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಶಾಪಿಗಿಂತ ಅವರಿಗೆ ಆ ಹಾಳು ಯಂತ್ರದ ಮೇಲೆಯೇ ಜೀವ. ಯುದ್ಧದಲ್ಲಿ ನೆಲಬಾಂಬ್ ಹುಡುಕಲು ಬಳಸಿದ್ದನ್ನು ಬೆಂಗಳೂರಿನ ಗುಜರಿಯಲ್ಲಿ ಕೊಂಡು ತಂದಿದ್ದರು. ಉದ್ದನೆಯ ಕೋಲು, ತುದಿಗೊಂದು ತಟ್ಟೆ, ಕಿವಿ ಮುಚ್ಚಿಕೊಳ್ಳಲು ಎರಡು ಕಪ್ಪು ಬಟ್ಟಲು, ಬೆನ್ನಿಗೆ ಬ್ಯಾಟರಿ ಚೀಲ. ಶುಕ್ರವಾರದ ನಮಾಜು ಮುಗಿಯಿತೆಂದರೆ ಹಳೇ ನಾಣ್ಯ ಹುಡುಕಲು ಹೊರಟೇಬಿಡುವರು. ನೆಲದಲ್ಲಿ ಲೋಹವಿದ್ದರೆ ಬಟ್ಟಲುಗಳಲ್ಲಿ ಕುಂಯ್ ಎನ್ನುತ್ತಿತ್ತು. ಅದು ತಾಮ್ರದ ಕಾಸೋ ಎತ್ತಿನ ಲಾಳವೋ ಎಂಬುದು ಅಗೆದ ಮೇಲೆಯೇ ತಿಳಿಯಬೇಕು. ಸಿಗುತ್ತಿದ್ದದ್ದು ಬಹುತೇಕ ಲಾಳವೇ. ಆದರೂ ಕುಂಯ್ ಎಂದ ಕಡೆ ಅಗೆಯದೆ ಬಂದವರಲ್ಲ. ಊರೆಲ್ಲ ನಗುತ್ತಿತ್ತು, ನಾನು ಉರಿದುಬೀಳುತ್ತಿದ್ದೆ.

ನಯಾಪೈಸೆ ಬಂದ ವರ್ಷದ ಬೇಸಿಗೆ. ಹುಲಿಕುಂಟೆಯ ಓಬಳಮ್ಮ ಎಂಬಾಕೆ ಬೆಳಗಿನ ಬಸ್ಸಿಳಿದು ನೇರ ನಮ್ಮ ಬಾಗಿಲಿಗೆ ಬಂದಳು.

“ಬೂಬಮ್ಮ, ನಿಮ್ ಸಾಬ್ರ ಮಿಶಿನ್ನು ಮಣ್ಣೊಳ್ಗಿನ್ ಕಾಸು ಕಂಡಿಡೀತದಂತೆ, ದಿಟವಾ?”

“ಲಾಳ ಕಂಡಿಡೀತದೆ ಕಣಮ್ಮ,” ಎಂದೆ.

ಅವಳು ನಗಲಿಲ್ಲ. ವರ್ಷಗಳ ಹಿಂದೆ ಅವಳ ಚೊಚ್ಚಲ ಮಗು ಜ್ವರದಲ್ಲಿ ತೀರಿಕೊಂಡಿತ್ತು. ಸತ್ತವರ ಹಣೆಗೆ ಕಾಸಿಡುವುದು ಅವರ ಪದ್ಧತಿ. ಮಗುವಿನ ಹಣೆಗೊಂದು ಬೆಳ್ಳಿಯ ನಾಲ್ಕಾಣೆ ಪಾವಲಿ ಅಂಟಿಸಿ ಹೊಲದ ಬದುವಿನ ಹೊಂಗೆಯ ಕೆಳಗೆ ಮಣ್ಣು ಮಾಡಿದ್ದರು. ಆಮೇಲೆ ಮರ ಕಡಿದರು, ಗುರುತಿನ ಕಲ್ಲು ಮಳೆಯಲ್ಲಿ ಉರುಳಿಹೋಯಿತು. ಈಗ ಅವಳ ಭಾವ ಮೂಡಲಗಿರಿಯಪ್ಪ ಆ ಬದುವಿನ ಪಕ್ಕದಲ್ಲೇ ಬಾವಿ ತೋಡಿಸಲು ಗೂಟ ಹೊಡೆಸಿದ್ದ.

“ಗುದ್ಲಿ ನನ್ ಮಗೀನ್ ಮೇಲೆ ಬೀಳ್ತದೆ ಬೂಬಮ್ಮ. ಎಲ್ಲೈತೆ ಅಂತ ತೋರ್ಸಿದ್ರೆ ಸಾಕು.”

ಮನೆಗೆ ಬೀಗ ಹಾಕಿ ಕಲಂದರ್ ಜೊತೆ ನಾನೂ ಹುಲಿಕುಂಟೆಗೆ ಹೊರಟೆ.

ಬದುವಿನುದ್ದಕ್ಕೂ ತಟ್ಟೆ ಆಡಿಸುತ್ತಾ ಹೋದ ಕಲಂದರ್ ಒಂದು ಕಡೆ ಕುಂಯ್ ಸದ್ದು ಕೇಳಿ ನಿಂತರು. ಅಭ್ಯಾಸಬಲ, ಕೈ ಸೊಂಟದ ಸಣ್ಣ ಸಲಿಕೆಗೆ ಹೋಯಿತು.

“ಬ್ಯಾಡಿ ಸಾಬ್ರೆ, ಅಗೀಬ್ಯಾಡಿ!” ಓಬಳಮ್ಮ ಕೂಗಿದಳು.

“ಅಗ್ದು ತೋರ್ಸಿ ಸಾಬ್ರೆ,” ಎಂದ ಗೂಟದ ಬಳಿ ನಿಂತಿದ್ದ ಮೂಡಲಗಿರಿಯಪ್ಪ. “ಯಾವ್ದೋ ಲಾಳಕ್ಕೆ ನಾನ್ ಬಾವಿ ಜಾಗ ಬುಡಾಕಾಯ್ತದಾ?”

ಕಲಂದರ್ ಓಬಳಮ್ಮನ ಮುಖ ನೋಡಿದರು. ಸಲಿಕೆಯಿಂದ ಕೈ ತೆಗೆದರು.

“ಇದು ಬೆಳ್ಳಿ ಯಜಮಾನ್ರೆ. ಬೆಳ್ಳಿ ಸದ್ದೇ ಬೇರೆ, ನಂಗೊತ್ತು. ಈ ಬದೂನೇ ಮುಟ್ಬೇಡಿ.”

ಆ ಯಂತ್ರಕ್ಕೆ ಬೆಳ್ಳಿಯೂ ಒಂದೇ, ಲಾಳವೂ ಒಂದೇ. ನನಗದು ಚೆನ್ನಾಗಿ ಗೊತ್ತಿತ್ತು. ಆದರೂ ಹೌದೆಂದು ತಲೆಯಾಡಿಸಿದೆ.

ಮೂಡಲಗಿರಿಯಪ್ಪ ತಲೆ ಕೆರೆದುಕೊಂಡ. ಕೊನೆಗೆ ಗೂಟಗಳನ್ನು ಕೀಳಿಸಿ, ಬದುವಿನಿಂದ ದೂರ, ಹೊಲದ ಆಚೆ ಮೂಲೆಗೆ ಹೊಡೆಸಿದ.

ಓಬಳಮ್ಮ ಅಲ್ಲೇ ಮಣ್ಣಿನ ಮೇಲೆ ಕುಳಿತಳು. “ಸಾಬ್ರೆ, ಇನ್ನೊಂದ್ ಸಲ ಕೂಗ್ಸಿ. ನಾನೂ ಕೇಳ್ತೀನಿ.”

ಕಲಂದರ್ ಬಟ್ಟಲುಗಳನ್ನು ಅವಳ ಕಿವಿಗೆ ಹಾಕಿ, ತಟ್ಟೆಯನ್ನು ಅದೇ ಜಾಗದ ಮೇಲೆ ಹಿಡಿದು ನಿಂತರು. ಅವಳು ಕಣ್ಣು ಮುಚ್ಚಿ ಕೇಳುತ್ತಾ ಕುಳಿತಳು. ನನಗೆ ಅಳು ತಡೆಯಲಾಗಲಿಲ್ಲ. ಹಳೇ ಬ್ಯಾಟರಿ, ಬೇಗ ಇಳಿದು ಕುಂಯ್ ಸದ್ದು ನಿಂತುಹೋಯಿತು. ಓಬಳಮ್ಮ ಬಟ್ಟಲುಗಳನ್ನು ಮೆಲ್ಲಗೆ ತೆಗೆದು ಕಲಂದರ್ ಕೈಗೆ ಕೊಟ್ಟಳು.

“ಮಲಿಕ್ಕಂತು,” ಎಂದಳು.