ನಗುವಿಗೆ ಮುಂಚಿನ ಮೌನ

ಚಮಚದಿಂದ ಬಿದ್ದ ಹಾಲಿನ ಹನಿ ಇನ್ನೂ ಮೇಜಿನ ಮೇಲೇ ಇದೆ, ಒಣಗಿ ಬೆಳ್ಳಗೆ ಅಂಚುಗಟ್ಟಿದೆ, ಬಟ್ಟೆ ಕೈಯಲ್ಲಿದ್ದರೂ ಅದೊಂದನ್ನು ಬಿಟ್ಟು ಸುತ್ತ ಒರೆಸುತ್ತಿದ್ದೇನೆ, ಇದೂ ಒಂದು ಜೋಕಾದೀತು — ಈ ಮನೆಯಲ್ಲಿ ಎಲ್ಲರೂ ಏನಾದರೊಂದು ಚೂರು ಬಿಟ್ಟೇ ಏಳುತ್ತಾರೆ, ಟೂತ್‌ಪೇಸ್ಟಿನಲ್ಲಿ ಕೊನೆಯ ಒಂದು ಹಿಂಡು, ಬಾಟಲಿಯಲ್ಲಿ ಒಂದು ಗುಟುಕು ನೀರು, ಖಾಲಿ ಮಾಡಿದವರೇ ತುಂಬಬೇಕಲ್ಲ, ಆ ಗುಟುಕಿಗೆ ವಾರಸುದಾರಳು ನಾನು — ವಾರಸುದಾರಳು ಉದ್ದವಾಯಿತು, ತೆಗೆಯಬೇಕು, ಜೋಕು ಬರೆಯುವುದೆಂದರೆ ಒದ್ದೆ ಬೆಡ್‌ಶೀಟು ಹಿಂಡಿದ ಹಾಗೆ, ತೋಳು ಸೋತ ಮೇಲೂ ಇನ್ನೊಂದು ಹನಿ ಇದ್ದೇ ಇರುತ್ತದೆ. ಆದರೆ ಜನರನ್ನು ನಗಿಸುವುದೇ ಕಸುಬಾದವಳು ಇನ್ನು ಬರೆದು ಯಾವ ಸ್ಟೇಜಿನಲ್ಲಿ ಹೇಳಲಿ, ನಾಳೆ ಆಪರೇಷನ್. ನಿನ್ನೆ ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಕೂಗಿ ಕೂಗಿ ಗಂಟು ಕಟ್ಟಿದೆಯಮ್ಮಾ, ತೆಗೀತೀವಿ, ಆಮೇಲೆ ಬಹಳ ದಿನ ಪಿಸುಮಾತೂ ಕೂಡದು ಅಂದರು, ಧ್ವನಿ ವಾಪಸ್ ಬರುತ್ತಾ ಅಂದೆ, ಬರತ್ತೆ, ಯಾವ ಧ್ವನಿ ಅಂತ ಈಗ ಹೇಳಕ್ಕಾಗಲ್ಲ ಅಂದರು — ಎಂಥ ಸಾಲು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ನನಗೆ ಹೊಟ್ಟೆಕಿಚ್ಚಾಯಿತು.

ಬೆಳಿಗ್ಗೆ ತಿಂಡಿಗೆ ಕೂತಾಗ ಹೇಳಿಯೇಬಿಟ್ಟೆ, ನಾಳೆಯಿಂದ ನಾನು — ಅಷ್ಟರಲ್ಲಿ ಗಂಟಲು ಕಟ್ಟಿತು, ಉಗುಳು ನುಂಗಿ ನಿಂತೆ, ಅಲ್ಲೇ ಎಡವಟ್ಟಾಯಿತು, ನಗಿಸುವ ಮಾತಿಗೆ ಮುಂಚೆ ನಾನು ನಿಲ್ಲುವುದೇ ಹಾಗೆ, ಪ್ರತಿ ಹೊಸ ಜೋಕನ್ನೂ ಮೊದಲು ಈ ಮೇಜಿನಲ್ಲೇ ಬಡಿಸಿ ರುಚಿ ನೋಡುವವಳು, ಆ ಮೌನ ಇವರಿಗೆಲ್ಲ ಬಾಯಿಪಾಠ, ಮಗಳ ಚಮಚ ಬಾಯಿಯ ಹತ್ತಿರ ಗಾಳಿಯಲ್ಲೇ ನಿಂತಿತು — ಮಾತಾಡೋ ಹಾಗಿಲ್ಲ, ಡಾಕ್ಟರ್ ಹೇಳಿದಾರೆ, ಅಂತ ಮುಗಿಸಿದೆ. ಸೂರು ಹಾರುವ ಹಾಗೆ ನಗು. ಇವರು, ಆ ಡಾಕ್ಟರ್ ಅಡ್ರೆಸ್ ಕೊಡೇ, ಕಾಲಿಗೆ ಬಿದ್ದು ಬರ್ತೀನಿ ಅಂದರು, ಅತ್ತೆ, ಇಷ್ಟು ವರ್ಷ ಎಲ್ಲಿದ್ದನೋ ಪುಣ್ಯಾತ್ಮ ಅಂದರು, ಮತ್ತೆ ಮಗಳು — ದೊಡ್ಡವಳಾದ ಮೇಲೆ ನನ್ನ ಯಾವ ಜೋಕಿಗೂ ತುಟಿ ಬಿಚ್ಚದೆ ಸಾಕಮ್ಮಾ ಪ್ಲೀಸ್ ಅನ್ನುವವಳು — ಚಮಚ ನಡುಗಿ ಹಾಲು ಚೆಲ್ಲುವ ಹಾಗೆ ನಕ್ಕಳು, ಸೂಪರ್ ಅಮ್ಮಾ, ಇದನ್ನ ಸ್ಟೇಜಲ್ಲಿ ಹೇಳು. ಆ ನಗುವಿನ ಮೇಲೆ ನೀರು ಹೇಗೆ ಸುರಿಯಲಿ, ಎಲ್ಲರೂ ನಗುತ್ತಲೇ ಹೊರಟರು, ನಾನು ತಟ್ಟೆ ಎತ್ತಿದೆ. ನನ್ನ ಧ್ವನಿ ಇಲ್ಲದೆ ಇವರಿಗೆ ಏನು ಸಿಕ್ಕೀತು ಈ ಮನೆಯಲ್ಲಿ, ಫ್ರಿಜ್ ಬಾಗಿಲು ತೆರೆದು, ಹಾಲು ಕಣ್ಣೆದುರೇ ಇದ್ದರೂ, ಅಮ್ಮಾ ಎಲ್ಲಿ ಅಂತ ಕೂಗುವವರು, ತೆರೆದ ಫ್ರಿಜ್ಜಿನ ಮುಂದೆ ಹಸಿದುಕೊಂಡು ಸಾಲಾಗಿ ನಿಂತಿರುತ್ತಾರೆ — ಇದು ಚೆನ್ನಾಗಿದೆ, ಬರೆದುಕೊಳ್ಳಬೇಕು — ಬಾಗಿಲ ಸದ್ದು, ಮಗಳೇ ಬಂದಳು, ಬ್ಯಾಗ್ ಎಸೆದಳು, ಫ್ರಿಜ್ ತೆರೆದಳು, ಅಮ್ಮಾ, ಹಾಲೆಲ್ಲಿ? ಬೆರಳು ತೋರಿಸಿದೆ, ಸುಮ್ಮನೆ, ನಾಳೆಗೆ ಅಭ್ಯಾಸವಾಗಲೆಂದು. ಲೋಟ ಬಾಯಿಗೆ ಒಯ್ಯುತ್ತಾ ಆ ಬೆರಳನ್ನು ನೋಡಿದಳು, ಮೂಲೆಯಲ್ಲಿ ಆಸ್ಪತ್ರೆಗೆಂದು ಕಟ್ಟಿಟ್ಟ ಚೀಲವನ್ನು, ಅದರ ಬಾಯಲ್ಲಿ ಇಣುಕುವ ನನ್ನ ಬ್ರಷ್ಷನ್ನು ನೋಡಿದಳು, ಅಮ್ಮಾ, ಬೆಳಿಗ್ಗೆ ಹೇಳಿದ್ದು ಜೋಕ್ ತಾನೇ? ನಾಲಿಗೆಯ ತುದಿಯಲ್ಲಿ ಒಳ್ಳೆಯ ಸಾಲೇ ಇದೆ, ಒಂದು ಕ್ಷಣ ನಿಂತು ಅದನ್ನು ಹೇಳಿಬಿಟ್ಟರೆ ಸಾಕು, ನಗುತ್ತಾಳೆ, ಇನ್ನೊಂದು ಸಲ ಆ ನಗು — ಇಲ್ಲ, ಉಗುಳು ನುಂಗದೆ, ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ ಹೇಳಿದೆ, ಜೋಕಲ್ಲ ಪುಟ್ಟಿ ನಾಳೆ ಆಪರೇಷನ್ ನಂಗೂ ಭಯ ಆಗ್ತಿದೆ, ಅವಳು ನಗಲಿಲ್ಲ, ಬಂದು ನನಗೆ ಒರಗಿ ನಿಲ್ಲಲೂ ಇಲ್ಲ ಇನ್ನೂ, ಲೋಟ ಬಾಯಿಯ ಹತ್ತಿರ, ಗಾಳಿಯಲ್ಲಿ, ಅಂಚಿನಲ್ಲಿ ಹಾಲಿನ ಒಂದು ಹನಿ, ಬೀಳದೆ —