ಒಳಗೆ ಬಾರದವರ ಹಾಜರಿ

"ನಿಮ್ಮಪ್ಪ ಚರಂಡಿಯಿಂದ ಎತ್ತಿದ್ದನ್ನ ರಸ್ತೆ ಮೇಲೇ ಬಿಡ್ತಿದ್ನಾ? ಗಾಡಿಗೆ ಹಾಕ್ತಿದ್ದ ತಾನೆ? ಹಾಗೇ ಈ ನಾನೂರ ಹನ್ನೆರಡು ಹೆಸರನ್ನೂ ಎತ್ತಿ ಹಾಕು. ರಿಪೋರ್ಟ್ ಕ್ಲೀನ್ ಆಗ್ಲಿ."

ಮೇಲಧಿಕಾರಿ ಹೃಷಿಕೇಶ ಸತ್ಯವತಿಗೆ ನಗುತ್ತಲೇ ಹೇಳಿದ. ಜಪಾನಿನ ಕೋಟೋದ ಆ ಕಚೇರಿಯಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ದನಿ ತಗ್ಗಿಸುವ ಅಗತ್ಯ ಅವನಿಗಿರಲಿಲ್ಲ. ಎದುರು ಮೇಜಿನ ಇಶಿದಾ ಸಾನ್ ಅವನ ನಗುವನ್ನು ಕಂಡು ಸೌಜನ್ಯಕ್ಕೆ ತಾನೂ ನಕ್ಕರು.

ಸತ್ಯವತಿ ಚಾಮರಾಜನಗರದ ಪೌರಕಾರ್ಮಿಕನ ಮಗಳು, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಗಣೇಶನ ಹಬ್ಬದ ಊಟದಲ್ಲಿ ಅಪ್ಪನ ಕೆಲಸವೇನೆಂದು ಅವನು ಕೇಳಿದ್ದ, ಇವಳು ಹೇಳಿದ್ದಳು. ಮರುದಿನದಿಂದ ಕಚೇರಿಯ ಫ್ರಿಜ್ಜಿನಲ್ಲಿ ಇವಳ ಡಬ್ಬಿ ಕೆಳಗಿನ ಅಂತಸ್ತಿಗೆ ಒಂಟಿಯಾಗಿ ಇಳಿದಿತ್ತು.

ಕಂಪನಿಯ ಆನ್‌ಲೈನ್ ತರಗತಿಯ ತಂತ್ರಾಂಶವನ್ನು ಜಾಂಬಿಯಾದ ವಿಶ್ವವಿದ್ಯಾಲಯವೊಂದು ಕೊಂಡಿತ್ತು. ವಿದ್ಯಾರ್ಥಿಗಳಿಗೆ ಅದು ಹಿಡಿಸಿದೆಯೇ ಎಂಬ ವರದಿ ನಾಳೆ ಒಪ್ಪಿಸಬೇಕು. ಶೇಕಡ ತೊಂಬತ್ತೊಂದು ಮಂದಿಗೆ ತೃಪ್ತಿ.

"ಸರ್, ಆ ಪ್ರಶ್ನೆ ಬರೋದು ಲಾಗಿನ್ ಆದ್ಮೇಲೆ. ಒಳಗೆ ಬಂದೋರನ್ನ ಮಾತ್ರ ಕೇಳಿದೀವಿ. ಈ ನಾನೂರ ಹನ್ನೆರಡು ಜನಾನೂ ಟ್ರೈ ಮಾಡಿದಾರೆ, ನೆಟ್‌ವರ್ಕ್ ಹೋಗಿದೆ. ಇವ್ರನ್ನ ಕೈಬಿಟ್ಟು 'ಆಸಕ್ತಿ ಇಲ್ಲ' ಅಂತ ಬರೆದ್ರೆ ಯೂನಿವರ್ಸಿಟಿಯಿಂದ ಹೆಸರೇ ತೆಗೀತಾರೆ."

"ಇಂಟ್ರೆಸ್ಟ್ ಇದ್ದೋರು ಹೇಗಾದ್ರೂ ಬರ್ತಾರೆ. ನಿಮ್ಮೋರಿಗೂ ಸೀಟು ಕೊಟ್ಟು ಕೊಟ್ಟು ನೋಡಿಲ್ವಾ ನಾವು? ನಿನ್ ವೀಸಾ ಪೇಪರ್ ನನ್ ಸೈನ್‌ಗೆ ಕಾಯ್ತಿದೆ ಕಣಮ್ಮ. ನಾಳೆ ಸ್ಲೈಡ್ ಚೇಂಜ್ ಮಾಡೋದಷ್ಟೇ ನಿನ್ ಕೆಲಸ."

ಅಳಿಸುವ ಮೊದಲು ಪ್ರತಿ ದಾಖಲೆಯನ್ನೂ ಪರಿಶೀಲಿಸುವುದು ಅವಳ ಅಭ್ಯಾಸ. ಮುಟಿಂಟಾ ಹಮ್ವೀಂಬಾ: ಪರೀಕ್ಷೆಯ ಮಧ್ಯಾಹ್ನ ಮೂವತ್ತೇಳು ಪ್ರಯತ್ನ, ಮೂರು ಮೂರು ನಿಮಿಷಕ್ಕೊಮ್ಮೆ. ಆಮೇಲೆ ಏನೂ ಇಲ್ಲ. ಆ ದಿನವೂ ಇಲ್ಲ, ಆಮೇಲೆ ಎಂದೂ ಇಲ್ಲ.

ಊಟದ ಬಿಡುವಿನಲ್ಲಿ ಕೊಂಬಿನಿ ಅಂಗಡಿಯ ಪಕ್ಕ ನಿಂತು ಅವಳು ಆ ದಾಖಲೆಯಲ್ಲಿದ್ದ ಮನೆಯ ನಂಬರಿಗೆ ಕರೆ ಮಾಡಿದಳು. ಎತ್ತಿದವಳು ಮುಟಿಂಟಾಳ ತಂಗಿ. ಸಿಗ್ನಲ್ಲಿಗಾಗಿ ಅಕ್ಕ ಗುಡ್ಡ ಹತ್ತಿದ್ದಳಂತೆ. ಸಿಡಿಲು ಬಡಿಯಿತಂತೆ. ತಂಗಿ ಅದನ್ನು ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿ ಮುಗಿಸಿ, ಕೇಳಿದಳು: "ನೀವು ಪರೀಕ್ಷೆ ವಿಭಾಗದವರಾ? ಅಕ್ಕ ಕಳಿಸಿದ ಉತ್ತರ ತಲುಪಿತಾ?"

ಸತ್ಯವತಿಯ ಬಾಯಿಂದ ಬಂದದ್ದು "ಸುಮಿಮಾಸೆನ್" ಎಂಬ ಜಪಾನಿ 'ಕ್ಷಮಿಸಿ' ಒಂದೇ.

ಆ ಸಂಜೆ ತೊಯೊಸು ನಿಲ್ದಾಣದಲ್ಲಿ ಯಾರದೋ ಚೀಲ ಸಿಕ್ಕಿ ರೈಲಿನ ಬಾಗಿಲು ಮುಚ್ಚಿ ತೆರೆಯಿತು, ಮತ್ತೆ ಮುಚ್ಚಿ ತೆರೆಯಿತು. ಅವಳು ಎಣಿಸತೊಡಗಿದ್ದಳು. ರೈಲು ಹೊರಟು ಎರಡು ನಿಲ್ದಾಣ ದಾಟಿದರೂ ಎಣಿಕೆ ನಿಲ್ಲಲಿಲ್ಲ. ಮೂವತ್ತೇಳಕ್ಕೆ ಬಂದು, ಮತ್ತೆ ಒಂದರಿಂದ.

ಮರುದಿನ ಸಂಜೆ ನಾಲ್ಕಕ್ಕೆ ಸಭೆ. ಇಶಿದಾ ಸಾನ್, ಇನ್ನಿಬ್ಬರು ಹಿರಿಯರು. ಗೋಡೆಯ ಪರದೆಯಲ್ಲಿ ಆ ವಿಶ್ವವಿದ್ಯಾಲಯದ ಕುಲಸಚಿವರು, ಅಲ್ಲಿನ್ನೂ ಬೆಳಿಗ್ಗೆ. ಹೃಷಿಕೇಶ ಶೇಕಡ ತೊಂಬತ್ತೊಂದರ ಕಥೆ ಹೇಳಿ, ಮುಂದಿನ ಸ್ಲೈಡಿಗೆಂದು ಬೆರಳು ಆಡಿಸಿದ.

ಸತ್ಯವತಿ ಸ್ಲೈಡುಗಳನ್ನು ಮುಚ್ಚಿದಳು. ನಾನೂರ ಹನ್ನೆರಡು ಹೆಸರಿನ ಪಟ್ಟಿ ತೆರೆದು ಎದ್ದು ನಿಂತಳು.

"ಮುಟಿಂಟಾ ಹಮ್ವೀಂಬಾ."

ತಡೆದಳು.

"ಲುಬಿಂದಾ ಸಿಟಾಲಿ."

"ಏಯ್, ತಲೆ ಕೆಟ್ಟಿದ್ಯಾ? ಕೂತ್ಕೊ," ಎಂದ ಹೃಷಿಕೇಶ, ಮುಖದ ನಗು ಕದಲದಂತೆ, ಕನ್ನಡದಲ್ಲಿ.

ಎರಡು ವರ್ಷ ಈ ಕಚೇರಿಯಲ್ಲಿ ಅವಳು ತನ್ನ ಕೇರಿಯ ಮಾತು ಆಡಿರಲಿಲ್ಲ.

"ಹಾಜರಿ ಕರೀತಾವ್ನಿ ಕಣಯ್ಯ. ಬಾಯ್ ಮುಚ್ಕೊಂಡು ಕುಂತ್ಕೋ, ಬೇವರ್ಸಿ."

ಪರದೆಯಲ್ಲಿ ಕುಲಸಚಿವರು ಕನ್ನಡಕ ತೆಗೆದು ಮುಂದೆ ಬಾಗಿದರು. "ಹಮ್ವೀಂಬಾ? ಆ ಹುಡುಗಿ..." ಎಂದರು. ಅಷ್ಟರಲ್ಲಿ ಅಲ್ಲಿಯ ಸಂಪರ್ಕ ಕಡಿದು, ಚಿತ್ರ ಅರ್ಧ ತೆರೆದ ಬಾಯಿಯೊಡನೆ ಗೋಡೆಯ ಮೇಲೆ ನಿಂತುಹೋಯಿತು.

ಹೃಷಿಕೇಶ ಲ್ಯಾಪ್‌ಟಾಪಿನ ತಂತಿಗೆ ಕೈ ಹಾಕಿ ಎಳೆದ. ಪರದೆ ಕಪ್ಪಾಯಿತು. ಸತ್ಯವತಿಗೆ ಪಟ್ಟಿ ಬೇಕಿರಲಿಲ್ಲ. ಮೂರನೆಯ ಹೆಸರು ಕರೆದಳು. ಒಬ್ಬರು ಎದ್ದು ನಿಂತು ಉತ್ತರಿಸುವಷ್ಟು ಹೊತ್ತು ಕಾದಳು. ನಾಲ್ಕನೆಯದನ್ನು ಕರೆದಳು.