ರುಮಾಲಿನ ಗುರುತು

ಒಂದು ಕೋಟೆಯ ಊರಿನಲ್ಲಿ ಯಾರೂ ಯಾರ ಮುಖವನ್ನೂ ದಿಟ್ಟಿಸಿ ನೋಡ್ತಿರಲಿಲ್ಲ. ಹಾಗೆ ನೋಡೋದು ಅಲ್ಲಿ ಮರ್ಯಾದೆಗೇಡು. ಕಾವಲಿನವರೂ ಗಂಡಸರ ತಲೆಯ ರುಮಾಲು ನೋಡಿಯೇ ಗುರುತು ಹಿಡಿಯೋರು. ಹಳದಿ ಅಂದ್ರೆ ಊರವರು. ಕಳ್ಳರ ರುಮಾಲು ನೆನಪಿಡೋಕೆ ಕೋಟೆ ಬಾಗಿಲಲ್ಲಿ ತಿಪ್ಪವ್ವ ಅನ್ನೋ ಮುದುಕಿ ಇದ್ದಳು. ಒಮ್ಮೆ ಕಂಡ ಬಣ್ಣವನ್ನ ಅವಳು ಜನ್ಮದಲ್ಲಿ ಮರೆಯೋಳಲ್ಲ.

ಒಂದು ಮಧ್ಯಾಹ್ನ, ಊರೆಲ್ಲ ಉಣ್ಣೋ ಹೊತ್ತಿಗೆ, ಬಿತ್ತನೆ ಜೋಳ ತುಂಬಿಟ್ಟಿದ್ದ, ನೆಲದೊಳಗೆ ತೋಡಿದ ಮೂರು ಹಗೇವುಗಳಲ್ಲಿ ಒಂದು ಬರಿದಾಯ್ತು.

"ಕೆಂಪು ರುಮಾಲು," ಅಂದಳು ತಿಪ್ಪವ್ವ. ಕಾವಲಿನವರು ಎಂಟು ದಿನ ಕೆಂಪಿಗಾಗಿ ಕಾದರು, ಒಬ್ಬ ಬಳೆಗಾರನನ್ನ ಹಿಡಿದರು. ಅಷ್ಟರಲ್ಲಿ ಹಸಿರು ರುಮಾಲಿನವನು ಎರಡನೇ ಹಗೇವನ್ನೂ ಖಾಲಿ ಮಾಡಿದ್ದ.

ಊರು ಕಂಗಾಲಾಯ್ತು. ಕೊನೇದೂ ಹೋದ್ರೆ ಈ ವರ್ಷ ಬಿತ್ತೋಕೆ ಕಾಳಿಲ್ಲ. ಕಳ್ಳ ಅಡಗೋಕೆ ಕತ್ತಲೆ ಇರಬಾರದು ಅಂತ ಬೀದಿ ಬೀದಿಯಲ್ಲೂ ಹಗಲೂ ರಾತ್ರಿ ಸೌದೆ ಒಟ್ಟಿ ಬೆಂಕಿ ಉರಿಸಿದರು. ಊರು ಕಾದ ಹಂಚಾಯ್ತು. ಜನಕ್ಕೆ ಊಟ ರುಚಿಸಲಿಲ್ಲ, ಸೌದೆ ಹೊತ್ತು ಮೈಕೈ ನೋವು ಬೇರೆ. ಕಳ್ಳನಿಗೆ ಮಾತ್ರ ಏನೂ ಆಗಿರಲಿಲ್ಲ.

ಮೂರನೇ ಹಗೇವಿನ ಮುಚ್ಚಳ ಎತ್ತುತ್ತಿದ್ದವನನ್ನ ತಿಪ್ಪವ್ವನೇ ಕಂಡು ಕೂಗಿಕೊಂಡಳು. ಅವನು ಸಂತೆಯ ಜನದೊಳಗೆ ನುಗ್ಗಿಬಿಟ್ಟ.

ಕಾವಲಿನ ಮುಖ್ಯಸ್ಥ ಹಂಪಣ್ಣ ಓಡಿಬಂದ. "ಬಣ್ಣ ಹೇಳವ್ವಾ, ಬೇಗ!"

ತಿಪ್ಪವ್ವ ಸೆರಗಿಂದ ಬಾಯಿ ಒರೆಸಿಕೊಂಡಳು. "ಹೇಳ್ಬಾರ್ದು ಕಣಪ್ಪ. ನಮ್ಮದೇ. ಹಳದಿ."

ಹಂಪಣ್ಣ ನಿಯಮದ ಮನುಷ್ಯ. ಹಳದಿ ಸುತ್ತಿದವರನ್ನೆಲ್ಲ ಒಳಗೆ ಹಾಕಿಸಿದ. ಸಂಜೆ ಹೊತ್ತಿಗೆ ಕಾವಲಿನವರು ಒಬ್ಬರನ್ನೊಬ್ಬರು ಕಟ್ಟಿಹಾಕಿ ಮುಗಿಸಿದ್ದರು. ಕೊನೆಗೆ ಹಂಪಣ್ಣ ತನ್ನ ತಲೆ ಮುಟ್ಟಿ ನೋಡಿಕೊಂಡ, ನಿಟ್ಟುಸಿರು ಬಿಟ್ಟ, ತಾನೇ ಒಳಗೆ ಹೋಗಿ ಕೂತ.

"ಕೋಟೆ ಕೀಲಿ ಯಾರ ಕೈಗೆ ಕೊಡ್ಲೋ?" ಅಂತ ತಿಪ್ಪವ್ವ ಸರಳಿನಾಚೆಯಿಂದ ಕೇಳಿದಳು.

"ಹಳದಿ ಇಲ್ಲದ ಗಂಡಸು ಯಾರಾದ್ರೂ ಉಳಿದಿದ್ರೆ ಅವನಿಗೆ ಕೊಡು."

ಹಗೇವಿನ ಹತ್ತಿರ ಬರಿತಲೆಯ ಒಬ್ಬ ನಿಂತಿದ್ದ. ಸೆಕೆಗೆ ರುಮಾಲು ತೆಗೆದೆ ಅಂದ. ಕೀಲಿ ಇಸಕೊಳ್ಳುವಾಗ ತಲೆ ಎಷ್ಟು ತಗ್ಗಿಸಿದನೆಂದರೆ, ತಿಪ್ಪವ್ವನಿಗೆ ಅವನ ಮೇಲೆ ಮಮತೆಯೇ ಬಂತು. ವಾಪಸ್ಸು ಬಂದು ಹಂಪಣ್ಣನಿಗೆ ಹೇಳಿದಳು: "ಇನ್ನು ಹೆದರಿಕೆ ಇಲ್ಲ. ಒಳ್ಳೇ ಹುಡುಗ ಸಿಕ್ಕಿದಾನೆ."

ಹಂಪಣ್ಣ ಎದ್ದು ಸರಳು ಹಿಡಿದ.

"ಅವ್ವಾ, ಅವನ ಮುಖ ನೋಡಿದ್ಯಾ?"

"ಥೂ, ಅಷ್ಟು ಮರ್ಯಾದೆ ಇಲ್ಲದೋಳೇನೋ ನಾನು?"